ಎಡಸೊಂಟದ ಮೇಲೆ ಆರು ಮ್ಯಾಗಜೀನು

ನನಗೊಂದು ಎಡಗೈ ಇದೆ ಎನ್ನುವುದು ನನಗೆ ಗೊತ್ತಾಗಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೂ ಅದಕ್ಕೆ ಬಳೆ ತೊಡಿಸಿದ್ದೆ, ಗಡಿಯಾರ ಕಟ್ಟಿದ್ದೆ, ಉಳಿದಂತೆ ಮದುವೆಮನೆಯ ದೂರದ ನೆಂಟರ ಹಾಗೆ ಒಂದು ಕಡೆ ಮರ್ಯಾದೆಯಿಂದ ಕೂರಿಸಿದ್ದೆ. ಹಾಸನದಲ್ಲಿ ನನ್ನನ್ನು ಬೆಳೆಸಿದ ಅಜ್ಜಿಯ ಕಟ್ಟಪ್ಪಣೆ ಹಾಗಿತ್ತು: ಕೊಡುವುದೂ ಬಲಗೈ, ತೆಗೆದುಕೊಳ್ಳುವುದೂ ಬಲಗೈ. ಮರೆತು ಎಡಗೈಯಲ್ಲಿ ಹೂವು ಚಾಚಿದರೆ ಅಜ್ಜಿ ಮುಖ ತಿರುಗಿಸಿಬಿಡುತ್ತಿದ್ದರು.

ಈಗ ಈ ಎಡಗೈ ಪುರಾಣ ಏಕೆಂದರೆ, ಎಲ್ಲ ಒಂದು ಬೆಲ್ಟಿನಿಂದಾಗಿ. ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತಳಾದ ಮೇಲೆ, ಪಕ್ಕದ ಮೇಜಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದ ಶ್ಯಾರನ್ ನನ್ನನ್ನು, ನಾವು ಬಂದು ನೆಲೆಸಿದ ಈ ಪರದೇಶದ ಒಶಾವಾ ಊರಿನಿಂದ ಆಚೆಯ ಶೂಟಿಂಗ್ ಕ್ಲಬ್ಬಿಗೆ ಎಳೆದುಕೊಂಡು ಹೋದಳು. ಕಾಲೇಜಿನಲ್ಲಿ ಎನ್‌ಸಿಸಿ ರೈಫಲ್ಲು ಹಿಡಿದವಳು ನಾನು ಎಂದು ಎಂದೋ ಜಂಬ ಕೊಚ್ಚಿಕೊಂಡಿದ್ದರ ಫಲ. ತರಬೇತಿ, ಪರೀಕ್ಷೆ, ಲೈಸೆನ್ಸು ಎಲ್ಲ ಮುಗಿಸಿಕೊಂಡು ಕೊನೆಗೆ ಬಂದು ನಿಂತದ್ದು ಓಡುತ್ತಾ ಗುಂಡು ಹೊಡೆಯುವ ಸ್ಪರ್ಧೆಗೆ. ರೈಫಲ್ಲು ಹೊತ್ತು ಕಾಡಿನ ದಾರಿಯಲ್ಲಿ ಐದು ಕಿಲೋಮೀಟರು ಓಡಬೇಕು, ನಡುನಡುವೆ ನಿಂತು ಕಬ್ಬಿಣದ ತಟ್ಟೆಗಳಿಗೆ ಗುಂಡು ಹೊಡೆಯಬೇಕು, ಮತ್ತೆ ಓಡಬೇಕು. ಬೇಕಾದ್ದೆಲ್ಲ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಮೈಮೇಲೇ ಇರಬೇಕು. ಕನ್ನಡ ಬಳಗದಲ್ಲಿ ಇದನ್ನು ಹೇಳಿದಾಗ ಒಬ್ಬರು, "ಅಯ್ಯೋ, ಯಾಕ್ರೀ ಈ ಉಸಾಬರಿ? ಬೇಸ್‌ಮೆಂಟಲ್ಲಿ ಯೋಗ ಕ್ಲಾಸ್ ನಡೀತಿದೆ, ಬಂದ್ಬಿಡಿ" ಎಂದು ಕನಿಕರ ತೋರಿಸಿದರು.

ಮೊದಲ ವರ್ಷ ನಾನು ಬೆಲ್ಟು ಜೋಡಿಸಿದ್ದು ಊರಿಗೆ ಹೊರಡುವಾಗ ಸೂಟ್‌ಕೇಸು ತುಂಬುವ ಕ್ರಮದಲ್ಲಿ. ಆ ಕ್ರಮ ನಿಮಗೂ ಗೊತ್ತು. ಬೇಕಾದ್ದನ್ನು ಹಾಕಿದ ಮೇಲೆ ಉಳಿದ ಸಂದುಗಳಲ್ಲಿ "ಇರಲಿ" ಎಂಬ ಸಾಮಾನುಗಳನ್ನು ತುರುಕುವುದು. ನೀರಿನ ಬಾಟಲಿ ಇತ್ತು, ಪ್ರಥಮ ಚಿಕಿತ್ಸೆಯ ಪೊಟ್ಟಣ ಇತ್ತು, ಸರಿ. ಟಾರ್ಚು ಇರಲಿ, ಅದಕ್ಕೆ ಬ್ಯಾಟರಿ ಇರಲಿ, ಮಂಡಿನೋವಿನ ಮುಲಾಮು ಇರಲಿ, ಎರಡು ಬಾಳೆಹಣ್ಣು, ಒಂದು ಸಣ್ಣ ಡಬ್ಬಿ ಚಕ್ಕುಲಿ. ನಮ್ಮ ಯಜಮಾನರು ಮೂರ್ತಿ ಆ ಬೆಲ್ಟನ್ನು ಎತ್ತಿ ನೋಡಿ, "ಇದನ್ನ ಚೆಕ್‌ಇನ್ ಮಾಡ್ಬೇಕಾಗತ್ತೆ ಕಣೇ, ಹ್ಯಾಂಡ್ ಲಗೇಜಲ್ಲಿ ಬಿಡಲ್ಲ" ಎಂದರು.

ಇದಾದರೂ ಹೋಗಲಿ. ನಿಜವಾದ ಎಡವಟ್ಟು ಮ್ಯಾಗಜೀನುಗಳದ್ದು, ಅಂದರೆ ಗುಂಡು ತುಂಬಿ ರೈಫಲ್ಲಿಗೆ ಸಿಕ್ಕಿಸುವ ಡಬ್ಬಿಗಳದ್ದು. ನನ್ನ ಬಗೆಯ ರೈಫಲ್ಲಿಗೆ ಇಲ್ಲಿನ ಕಾನೂನು ಮ್ಯಾಗಜೀನೊಂದಕ್ಕೆ ಐದೇ ಗುಂಡು ಎನ್ನುತ್ತದೆ. ಹಾಗಾಗಿ ಖಾಲಿಯಾದದ್ದನ್ನು ಬೀಳಿಸಿ ಹೊಸದನ್ನು ಸಿಕ್ಕಿಸುವ ಕೆಲಸ ಮೇಲಿಂದ ಮೇಲೆ ಬರುತ್ತದೆ. ನಾನು ಆರನ್ನೂ ಬಲಸೊಂಟಕ್ಕೆ ಸಾಲಾಗಿ ಜೋಡಿಸಿದ್ದೆ. ಬೇರೆ ಕಡೆಯೂ ಇಡಬಹುದು ಎಂಬ ಯೋಚನೆಯೇ ಬರಲಿಲ್ಲ. ತೆಗೆದುಕೊಳ್ಳುವುದು ಬಲಗೈ ತಾನೆ?

ಎರಡನೆಯ ಕಿಲೋಮೀಟರಿಗೆ ಬೆಲ್ಟು ಸೊಂಟ ಬಿಟ್ಟು ತೊಡೆಯ ಕಡೆಗೆ ಹೊರಟಿತು. ಲಂಗದ ಲಾಡಿ ಬಿಚ್ಚಿಹೋದವಳ ಹಾಗೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಓಡಿದೆ. ನಿಂತು ಹೊಡೆಯುವ ಕಡೆಯಲ್ಲೆಲ್ಲ ಮ್ಯಾಗಜೀನಿಗಾಗಿ ಬಲಗೈ ರೈಫಲ್ಲಿನ ಹಿಡಿ ಬಿಡುತ್ತಿತ್ತು, ರೈಫಲ್ಲು ನೆಲದ ಕಡೆ ತೂಕಡಿಸುತ್ತಿತ್ತು, ಮತ್ತೆ ಎತ್ತಿ ಹಿಡಿದು ಗುರಿ ಹುಡುಕಬೇಕಿತ್ತು. ಕಾಡಿನ ನಡುವೆಯೇ ಸ್ಪರ್ಧೆಗೆ ಕೊಟ್ಟಿದ್ದ ಅವಧಿ ಮುಗಿಯಿತು. ಫಲಿತಾಂಶದ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಗಂಟೆ, ನಿಮಿಷ ಇತ್ತು. ನನ್ನ ಹೆಸರಿನ ಮುಂದೆ 'ಮುಗಿಸಲಿಲ್ಲ' ಎಂದಿತ್ತು.

ನಗುತ್ತಾ ಹೇಳುತ್ತಿದ್ದೇನೆ, ಆದರೆ ಅದು ನನಗೆ ಬಹಳ ನೋವು ಕೊಟ್ಟಿತು. ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲನ್ನೂ ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ನಾನು. ಮುಂದಿನ ವರ್ಷ ಆ ಜಾಗದಲ್ಲಿ ಎಷ್ಟಾದರೂ ಸರಿ, ಒಂದು ಸಮಯ ಬರಲೇಬೇಕು ಎಂದು ಹಟ ಹಿಡಿದೆ.

ಶ್ಯಾರನ್ ಮನೆಗೆ ಬಂದು ನನ್ನ ಬೆಲ್ಟನ್ನು ಮೇಜಿನ ಮೇಲೆ ಬರಿದುಮಾಡಿದಳು. ಚಕ್ಕುಲಿಯನ್ನು ಅಲ್ಲೇ ತಿಂದಳು. ಭಾರ ಹೆಗಲಿಗೂ ಹಂಚಿಹೋಗಲಿ ಎಂದು ಎರಡು ಪಟ್ಟಿ ಹಾಕಿಸಿದಳು. ಆಮೇಲೆ ಆರೂ ಮ್ಯಾಗಜೀನುಗಳನ್ನು ಕಿತ್ತು ಎಡಗಡೆಗೆ ವರ್ಗ ಮಾಡಿದಳು. "ಬಲಗೈ ಹಿಡಿ ಬಿಡಬಾರದು. ಉಳಿದದ್ದೆಲ್ಲ ಎಡಗೈ ಕೆಲಸ" ಎಂದಳು, ಅವಳ ಇಂಗ್ಲಿಷಿನಲ್ಲಿ.

ನಾನು ಸುಮ್ಮನಿರಲಿಲ್ಲ. ಬೇಲೂರಿನ ಮದನಿಕೆಯರ ಪೈಕಿ ಒಬ್ಬಳು ಬಿಲ್ಲು ಹಿಡಿದು ನಿಂತಿದ್ದಾಳೆ, ಬಾಣವನ್ನು ಬತ್ತಳಿಕೆಯಿಂದ ಸೆಳೆಯುವುದು ಬಲಗೈಯಲ್ಲೇ, ಇದು ನಮ್ಮ ಜಿಲ್ಲೆಯ ಪರಂಪರೆ ಎಂದು ವಾದ ಹೂಡಿದೆ. ಶ್ಯಾರನ್ ಫೋನಿನಲ್ಲಿ ಆ ಶಿಲ್ಪವನ್ನು ಶ್ರದ್ಧೆಯಿಂದ ನೋಡಿ, ಬಿಲ್ಲಿನ ಭಾರ ಹೊರುವುದು ಎಡಗೈಯಾದ್ದರಿಂದ ಅವಳಿಗೆ ಬಲಗೈ ಬಿಡುವಾಗಿದೆ, ನಿನಗಿರುವುದು ಬಿಲ್ಲಲ್ಲ ಎಂದಳು. ಜೊತೆಗೆ, ಅವಳೂ ಸೊಂಟಕ್ಕೆ ವಿಪರೀತ ಕಟ್ಟಿಕೊಂಡಿದ್ದಾಳೆ, ಎರಡನೇ ಕಿಲೋಮೀಟರಿಗೆ ಗೊತ್ತಾಗುತ್ತೆ ಎಂದಳು.

ಖಾಲಿ ರೈಫಲ್ಲು, ಖಾಲಿ ಮ್ಯಾಗಜೀನು ಇಟ್ಟುಕೊಂಡು ಬೇಸ್‌ಮೆಂಟಿನಲ್ಲಿ ಅಭ್ಯಾಸ ಶುರುವಾಯಿತು. ಎಡಗೈ ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ ತಡಕಾಡಿತು. ತೆಗೆದದ್ದನ್ನು ತಲೆಕೆಳಗಾಗಿ ಹಿಡಿಯಿತು, ಹಿಡಿದದ್ದನ್ನು ಬೀಳಿಸಿತು. ಮೂರು ವಾರವಾದರೂ ಬಲಗೈ ತಾನೇ ಮುಂದೆ ನುಗ್ಗುತ್ತಿತ್ತು. ಇದು ನನ್ನಿಂದಾಗದು ಎಂದು ಒಮ್ಮೆ ಕೂತು ಅತ್ತೂ ಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಬಲಗೈ ಅನ್ನ ಕಲಸುತ್ತಿತ್ತು. ನಾನು ಮೂರ್ತಿಯವರ ಮುಖ ನೋಡಿಕೊಂಡು ಅವರ ತಂಗಿಯ ವಿಷಯ ಏನೋ ದೂರುತ್ತಿದ್ದೆ. ಅವರು ಇದ್ದಕ್ಕಿದ್ದಂತೆ, "ತಡಿ, ತಡಿ. ಈಗ ಏನ್ ಮಾಡ್ದೆ?" ಎಂದರು.

"ಏನ್ ಮಾಡ್ದೆ? ನಿಮ್ಮ ತಂಗಿ ಬಗ್ಗೆ ಇದ್ದದ್ದು ಹೇಳ್ದೆ."

"ಅದಲ್ವೇ, ಕೈ ನೋಡ್ಕೊ!"

ನೋಡಿಕೊಂಡೆ. ಎಡಗೈಯಲ್ಲಿ ಸೌಟು. ಪಾತ್ರೆಯ ಕಡೆ ತಿರುಗಿಯೂ ನೋಡದೆ, ಒಂದು ತೊಟ್ಟೂ ಚೆಲ್ಲದೆ, ಸಾರು ಬಡಿಸಿಕೊಂಡಿದ್ದೆ! ಬಲಗೈ ಎಂಜಲಾಗಿರುವಾಗ ಪಾತ್ರೆ ಮುಟ್ಟುವುದು ಎಡಗೈಯಲ್ಲೇ ಎನ್ನುವುದೂ ಅದೇ ಅಜ್ಜಿಯ ಕಟ್ಟಳೆ. ದಿನಕ್ಕೆರಡು ಹೊತ್ತು, ಐವತ್ತು ವರ್ಷಕ್ಕೂ ಮೀರಿ ಈ ಕೈಗೆ ತರಬೇತಿಯಾಗಿದೆ. ಇಷ್ಟು ದೊಡ್ಡ ವಿದ್ಯೆ ಮನೆಯಲ್ಲಿಟ್ಟುಕೊಂಡು ಬೇಸ್‌ಮೆಂಟಿನಲ್ಲಿ ಕೂತು ಅತ್ತಿದ್ದೆನಲ್ಲ ಎಂದು ನಗು ತಡೆಯಲಾಗಲಿಲ್ಲ.

ಕೈ ತೊಳೆದು ನೇರ ಕೆಳಗಿಳಿದೆ. ಬೆಲ್ಟನ್ನು ಊಟದ ಮೇಜಿನಂತೆ ಹೊಸದಾಗಿ ಜೋಡಿಸಿದೆ: ಸಾರಿನ ಪಾತ್ರೆ ಇರುವ ಕಡೆ, ಕೈ ತಾನಾಗಿ ಹೋಗಿ ತಲುಪುವ ದೂರದಲ್ಲಿ ಮೊದಲ ಮ್ಯಾಗಜೀನು, ಉಳಿದವು ಅದರ ಹಿಂದೆ, ಎಲ್ಲವೂ ಒಂದೇ ಕಡೆ ಮುಖ ಮಾಡಿ. ಬಲಗೈ ಹಿಡಿಯ ಮೇಲಿದೆಯೆಂದರೆ ಅದು ಎಂಜಲು, ಬೇರೇನನ್ನೂ ಮುಟ್ಟುವ ಹಾಗಿಲ್ಲ. ಇಷ್ಟು ಹೇಳಿಕೊಂಡ ಮೇಲೆ ಎಡಗೈ ತಪ್ಪಲೇ ಇಲ್ಲ. ಕಟ್ಟಿಕೊಂಡು ಇಪ್ಪತ್ತು ಸಲ ಕುಪ್ಪಳಿಸಿದೆ. ಒಂದೂ ಬೀಳಲಿಲ್ಲ, ಬೆಲ್ಟು ಬೆರಳಗಲವೂ ಜಾರಲಿಲ್ಲ.

ಸ್ಪರ್ಧೆಯ ದಿನ ದಾರಿ ತುಂಬ ಕೆಸರು. ನನ್ನ ಮೈಮೇಲೆ ನೀರು, ಪ್ರಥಮ ಚಿಕಿತ್ಸೆ, ಮ್ಯಾಗಜೀನು, ಅಷ್ಟೆ. ಓಡಿದೆ ಎಂದರೆ ಸುಳ್ಳಾದೀತು. ಇಳಿಜಾರಿನಲ್ಲಿ ಓಡಿದೆ, ಏರಿನಲ್ಲಿ ಏದುಸಿರು ಬಿಡುತ್ತಾ ನಡೆದೆ. ಆದರೆ ನಿಂತು ಹೊಡೆಯುವ ಜಾಗ ಬಂದಾಗೆಲ್ಲ ಕಣ್ಣು ಗುರಿಯ ಮೇಲೆ, ಬಲಗೈ ಹಿಡಿಯ ಮೇಲೆ, ಎಡಗೈ ಮಾತ್ರ ಸದ್ದಿಲ್ಲದೆ ಬಡಿಸುತ್ತಲೇ ಇತ್ತು. ಠಣ್, ಠಣ್ ಎಂದು ತಟ್ಟೆಗಳು ಮಾತಾಡಿದವು. ಒಂದು ಗಂಟೆ ಹದಿನೇಳು ನಿಮಿಷಕ್ಕೆ ಕೊನೆಯ ಗೆರೆ ದಾಟಿದೆ. ಹಾಳೆಯಲ್ಲಿ ನನ್ನ ಕೆಳಗೆ ಇನ್ನೂ ನಾಲ್ಕು ಹೆಸರುಗಳಿದ್ದವು. ಅದರಲ್ಲಿ ಒಬ್ಬ ನನ್ನ ಮಗಳಿಗಿಂತ ಚಿಕ್ಕವನು. ಅವನ ಬೆಲ್ಟು ನೋಡಿದೆ. ಅಂಗಡಿಯನ್ನೇ ಕಟ್ಟಿಕೊಂಡಿದ್ದ.

ರೈಫಲ್ಲು ಖಾಲಿ ಇದೆಯೆಂದು ನೋಡಿ ಖಾತ್ರಿಪಡಿಸಿಕೊಂಡ ತೀರ್ಪುಗಾರ, ಮುಗಿಸಿದವರಿಗೆಲ್ಲ ಕೊಡುವ ಪುಟ್ಟ ಪದಕವನ್ನು ಚಾಚಿದ. ನನ್ನ ಬಲಗೈ ರೈಫಲ್ಲಿನ ಪಟ್ಟಿ ಹಿಡಿದಿತ್ತು. ಎಡಗೈ ತಾನೇ ಮುಂದೆ ಬಂತು, ನಾನು ತಡೆಯಲಿಲ್ಲ.

ಬೇಲಿಯಾಚೆ ನಿಂತಿದ್ದ ಮೂರ್ತಿ, "ಏನೇ ಇದು, ಎಡಗೈಲಿ ತಗೊಂಡ್ಯಲ್ಲೇ!" ಎಂದು ಕೂಗಿದರು.

"ಗೆದ್ದೋರೇ ತಗೋಬೇಕಲ್ವೇನ್ರೀ?" ಎಂದೆ.