ನಾಯಕಿಯ ದನಿ

ತೆಲುಗು ಸೀಮೆಯ ಗಚ್ಚಿಬೌಲಿಯಲ್ಲಿದ್ದ ನಮ್ಮ ಆಫೀಸಿನ ಗೇಟಿನ ಮುಂದೆ ಕಸ ಗುಡಿಸುವ ಹೆಂಗಸರು ಧರಣಿ ಕೂತಿದ್ದರು. ಗುತ್ತಿಗೆದಾರ ಅವರನ್ನೆಲ್ಲ ಒಂದೇ ಏಟಿಗೆ ಕೆಲಸದಿಂದ ತೆಗೆದಿದ್ದ. ಮನವಿ ಪತ್ರ ಇಸಕೊಂಡು ಬಾ ಎಂದು ಮ್ಯಾನೇಜರ್ ನನ್ನನ್ನು ಕಳಿಸಿದರು.

ಆ ಹೆಂಗಸರ ಪರವಾಗಿ ಮೆಗಾಫೋನ್ ಹಿಡಿದು ಮುಂದೆ ಕೂತಿದ್ದವರನ್ನು ನೋಡಿ ನಿಂತುಬಿಟ್ಟೆ. ರಾಯಚೂರಿನ ಟಾಕೀಸಿನಲ್ಲಿ ನಮ್ಮವ್ವ ಅತ್ತತ್ತು ನೋಡುತ್ತಿದ್ದ ತೆಲುಗು ಸಿನಿಮಾಗಳ ನಾಯಕಿ! ಮೂಲ ನಮ್ಮ ಸಿಂಧನೂರು ಕಡೆಯವರು. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು.

"ನಮ್ಮವ್ವಗ ನಿಮ್ಮ ದನಿ ಅಂದ್ರ ಜೀವರಿ," ಎಂದೆ.

ಕನ್ನಡ ಕೇಳಿ ಅವರು ಮೆಗಾಫೋನ್ ಕೆಳಗಿಟ್ಟರು. "ಅದು ನನ್ನ ದನಿ ಅಲ್ಲವ್ವಾ. ಎಲ್ಲಾ ಪಿಚ್ಚರಿಗೂ ಬ್ಯಾರೆಯಾಕಿ ಡಬ್ಬಿಂಗ್ ಮಾಡ್ಯಾಳ. ನನ್ನ ತೆಲುಗಿನಾಗ ಕನ್ನಡ ಭಾಳ ಐತಿ ಅಂತಿದ್ರು. ಇಲ್ಲಿ ಕುಂತಾಗಷ್ಟ ನನ್ನ ದನಿ ನನಗ ಕೇಳತೈತಿ."

ಪತ್ರಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ.

"ಇನ್ನೊಂದೀಟು ಮಾತಾಡು. ನಮ್ಮವ್ವ ಹೋದಮ್ಯಾಲೆ ಹಿಂಗ ಮಾತಾಡೋರು ಯಾರೂ ಇಲ್ಲ."

"ಏನ್ ಮಾತಾಡ್ಲಿರಿ?"

"ಏನರ. ಮುಂಜಾನೆ ಏನ್ ತಿಂದಿ, ಅದನ್ನ ಹೇಳು."

ಮಂಡಕ್ಕಿ ಒಗ್ಗರಣೆ ಮಾಡಿದ್ದನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಪತ್ರ ಕೊಟ್ಟು, ಕಣ್ಣೊರೆಸಿಕೊಂಡು, ತೆಲುಗಿನಲ್ಲಿ ಘೋಷಣೆ ಕೂಗಿದರು.

ವಾರದೊಳಗೆ ಹೆಂಗಸರೆಲ್ಲ ಕೆಲಸಕ್ಕೆ ಮರಳಿದರು, ಧರಣಿ ಮುಗಿಯಿತು. ಆಮೇಲೂ ಎಷ್ಟೋ ದಿನ ಊಟದ ಬಿಡುವಿನಲ್ಲಿ ನಾನು ಗೇಟಿನ ತನಕ ಹೋಗಿ ಬರುತ್ತಿದ್ದೆ. ನಮ್ಮ ಕಂಪನಿಯಲ್ಲಿ ಇನ್ನೊಂದು ಧರಣಿಯಾಗಲಿ ಎಂದು ಹಾರೈಸಿದ ಆಡಳಿತ ವಿಭಾಗದ ಉದ್ಯೋಗಿ ಬಹುಶಃ ನಾನೊಬ್ಬಳೇ.