ಒಂದು ದಿನ ಮುಂಚೆ ಬಂದ ಏಕಾದಶಿ

ಮೊದಲೇ ಹೇಳಿಬಿಡುತ್ತೇನೆ: ನಮ್ಮಜ್ಜಿಯಿಂದ ಒಂದು ಉಪವಾಸದ ಜಾಗದಲ್ಲಿ ಎರಡು ಮಾಡಿಸಿದ ಪುಣ್ಯಾತ್ಮ ನಾನೇ. ಕಂಪ್ಯೂಟರ್ ಕೆಟ್ಟಿದೆ ಎಂದು ಸ್ವಲ್ಪ ಹೊತ್ತು ಹೇಳಿ ನೋಡಿದೆ. ಪಾಪ, ಅದಕ್ಕೇನು ಗೊತ್ತು? ಅಮೇರಿಕಕ್ಕೆ ಹೋಗು ಎಂದೆ, ಹೋಯಿತು.

ಆಗ ನಾವು ಮೈಲಾಪೂರಿನ ಒಂದು ಹಳೆಯ ಫ್ಲಾಟಿನಲ್ಲಿದ್ದೆವು. ಅಪ್ಪನ ಕೆಲಸಕ್ಕಾಗಿ ಮೈಸೂರು ಬಿಟ್ಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಡಿಗ್ರಿ ಮುಗಿಸಿ, ಕಾಲ್ ಸೆಂಟರಿನ ಕೆಲಸ ಸಿಕ್ಕೀತೆಂದು ಎಗ್ಮೋರ್ ಹತ್ತಿರ ಮಾತು ತಿದ್ದುವ ಕ್ಲಾಸಿಗೆ ಹೋಗುತ್ತಿದ್ದೆ. ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ಚಾಳಿ. ಅಪ್ಪ ಫೋನಿನಲ್ಲಿ ಸಾಹೇಬರಿಗೆ ‘ಎಸ್ ಸಾರ್’ ಎನ್ನುವ ಮುಂಚಿನ ಕೆಮ್ಮು, ಎದುರುಮನೆ ಮಾಮಿ ತರಕಾರಿಯವನ ಜೊತೆ ಆಡುವ ಜಗಳ, ಅಜ್ಜಿ ಹಲ್ಲಿನ ಸೆಟ್ಟು ಹಾಕಿಕೊಳ್ಳುವ ಮುಂಚಿನ ಮಾತು, ಹಾಕಿಕೊಂಡ ಮೇಲಿನ ಮಾತು, ಎಲ್ಲ ಬರುತ್ತಿತ್ತು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಹುಡುಕಬೇಕಾಗುತ್ತಿತ್ತು.

ಕ್ಲಾಸಿನಲ್ಲಿ ಅಮೇರಿಕದ ರಾಗ ನಾಲಿಗೆಗೆ ಹತ್ತಿದ್ದೇ ತಡ, ನಾನೊಬ್ಬ ಅಮೇರಿಕದವನಾದರೆ ಸಾಲದು, ಮನೆಯ ಕಂಪ್ಯೂಟರೂ ಆಗಲಿ ಅನ್ನಿಸಿತು. ಸೆಟ್ಟಿಂಗಿಗೆ ಹೋಗಿ ಭಾಷೆಯನ್ನು ಅಮೇರಿಕದ ಇಂಗ್ಲಿಷ್ ಮಾಡಿದೆ. ಅಳತೆ ಸೆಂಟಿಮೀಟರಿನಿಂದ ಇಂಚಿಗೆ ಬಂತು. ತಾರೀಖಿನಲ್ಲಿ ತಿಂಗಳು ಮುಂದೆ ಓಡಿ ದಿನ ಹಿಂದೆ ಉಳಿಯಿತು. ಕೊನೆಗೆ ಭೂಪಟದಲ್ಲಿ ಅಮೇರಿಕದ ಪಶ್ಚಿಮ ತೀರವನ್ನು ಆರಿಸಿದೆ. ಪರದೆಯ ಮೂಲೆಯ ಗಡಿಯಾರ ಇವತ್ತಿನ ಬೆಳಗಿನಿಂದ ನಿನ್ನೆಯ ಸಂಜೆಗೆ ಜಿಗಿಯಿತು. ಮೈಲಾಪೂರಿನಲ್ಲಿ ಕೂತೇ ನೈಟ್ ಶಿಫ್ಟ್ ಶುರುವಾಯಿತೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದೇ ಕಂಪ್ಯೂಟರಿನಲ್ಲಿ ಅಜ್ಜಿಯ ಪಂಚಾಂಗವೂ ಇತ್ತು. ಊರಿನಿಂದ ಬರಬೇಕಾಗಿದ್ದ ಮಠದ ಪಂಚಾಂಗ ಆ ವರ್ಷ ಬರಲಿಲ್ಲ. ಮಾಮಿ ಕೊಟ್ಟ ತಮಿಳು ಕ್ಯಾಲೆಂಡರ್ ಅಜ್ಜಿಗೆ ಓದಲು ಬಾರದು. ಹಾಗಾಗಿ ಪಂಚಾಂಗದ ಸೀಡಿಯೊಂದನ್ನು ಹಾಕಿ, ತಿಂಗಳ ತಿಥಿಗಳನ್ನು ಪ್ರಿಂಟ್ ತೆಗೆದು ದೇವರ ಕೋಣೆಯ ಬಾಗಿಲಿಗೆ ಅಂಟಿಸುವುದು ನನ್ನ ಪಾಲಿನ ಸೇವೆ. ಅಜ್ಜಿ ಮದುವೆಯಾಗಿ ಬಂದ ಮೇಲೆ ಏಕಾದಶಿಯ ದಿನ ಒಂದಗುಳು ಅನ್ನ ಮುಟ್ಟಿದವಳಲ್ಲ. ಜ್ವರದಲ್ಲೂ ಇಲ್ಲ, ಮಗನ ಮದುವೆ ಮನೆಯಲ್ಲೂ ಇಲ್ಲ. ಅವಳಿಗಿದ್ದ ಜಂಬ ಅದೊಂದೇ. ಸೀಡಿ ಗಂಟೆಯ ಲೆಕ್ಕವನ್ನು ಕಂಪ್ಯೂಟರಿನ ಸೆಟ್ಟಿಂಗಿನಿಂದಲೇ ತೆಗೆದುಕೊಳ್ಳುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಹೊಸ ತಿಂಗಳ ಹಾಳೆಯಲ್ಲಿ ಅಮೇರಿಕದ ಗಂಟೆ ಹಿಡಿದು ಏಕಾದಶಿ ಒಂದು ದಿನ ಮುಂಚೆ ಬಂದು ಕೂತಿತ್ತು. ಅಂಟಿಸಿದೆ.

ಅಜ್ಜಿ ಹಾಳೆ ಹೇಳಿದ ದಿನ ಉಪವಾಸವಿದ್ದಳು. ಮಾರನೆಯ ಬೆಳಿಗ್ಗೆ ಪಾರಣೆ. ಅಮ್ಮ ನಸುಕಿಗೇ ಎದ್ದು ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ ಮಾಡಿದ್ದಳು. ಅಜ್ಜಿ ಎಲೆಯ ಮುಂದೆ ಕೂತು ತೀರ್ಥ ತೆಗೆದುಕೊಂಡು ಅನ್ನ ಕಲಸಿ ಮೊದಲ ತುತ್ತು ಎತ್ತುತ್ತಿದ್ದಾಗ ಎದುರುಮನೆ ಮಾಮಿ ಬಾಗಿಲಲ್ಲಿ ನಿಂತು, ನಮ್ಮ ಬಾಲ್ಕನಿಯ ಕುಂಡದಿಂದ ಎರಡು ಎಲೆ ತುಳಸಿ ಕೇಳಿದರು.

“ದ್ವಾದಶಿ ದಿನ ತುಳಸಿ ಕೀಳಬಾರದಮ್ಮ, ನಾಳೆ ತಗೊಂಡು ಹೋಗು” ಎಂದಳು ಅಜ್ಜಿ.

ಮಾಮಿ ಕಣ್ಣರಳಿಸಿದರು. “ದ್ವಾದಶಿಯಾ? ಇನ್ನಿಕ್ಕುನ್ನಾ ಏಕಾದಶಿ, ಪಾಟಿ!”

ಇವತ್ತೇ ಏಕಾದಶಿ ಎಂಬುದು ಯಾರೂ ಅರ್ಥ ಹೇಳದೆಯೇ ಎಲ್ಲರಿಗೂ ತಿಳಿಯಿತು. ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಅವರ ಪಂಚಾಂಗ ಬೇರೆ, ನಮ್ಮದು ಬೇರೆ ಅಲ್ವಾ ಅತ್ತೆ?” ಎಂದಳು ಅಮ್ಮ.

“ನಮ್ಮದು ಅವರದಾದ ಮಾರನೇ ದಿನ ಬೀಳೋದುಂಟು ಕಣೆ. ಅವರಿಗಿಂತ ಮುಂಚೆ ಬಿದ್ದಿದ್ದು ನಾ ಕಾಣೆ.” ಅಜ್ಜಿ ತುತ್ತನ್ನು ಎಲೆಗೆ ಬಿಟ್ಟು ನನ್ನ ಕಡೆ ತಿರುಗಿದಳು. “ಏನೋ ಕೋತಿ, ಏನ್ ಮಾಡಿದ್ಯೋ?”

“ಕಂಪ್ಯೂಟರ್ ಕೆಟ್ಟಿದೆ ಅಜ್ಜಿ.”

ಅಪ್ಪ ಹೋಗಿ ಪರದೆ ನೋಡಿದರು. ಕೆಮ್ಮಿದರು. ಆ ಕೆಮ್ಮನ್ನು ಅಣಕಿಸುವ ಧೈರ್ಯ ಅವತ್ತು ನನಗಾಗಲಿಲ್ಲ. “ಹಾಲಿನವನು ಈಗ ಬಂದು ಹೋದ. ಇಲ್ಲಿ ನೋಡಿದ್ರೆ ನಿನ್ನೆ ಸಾಯಂಕಾಲ ಅಂತಿದೆ. ಯಾವ ದೇಶದಲ್ಲಿದೀಯೋ ನೀನು?”

ಅಜ್ಜಿ ಕೈ ತೊಳೆದು ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. “ನಾನು ನೋಡ್ತಿರಬೇಕು, ಒಂದೊಂದಾಗಿ ವಾಪಸ್ ಹಾಕು.” ಭೂಪಟದಲ್ಲಿ ಇಂಡಿಯಾ ಹಾಕಿದೆ, ಗಡಿಯಾರ ಮನೆಗೆ ಬಂತು. ದಿನ ಮುಂದೆ, ತಿಂಗಳು ಹಿಂದೆ ಆಯಿತು. ಅಳತೆಯಲ್ಲಿ ಇಂಚು ಬಿಟ್ಟು ಸೆಂಟಿಮೀಟರ್ ಆರಿಸುವಾಗ, “ಮೊಳ ಇಲ್ವೇನೋ?” ಎಂದಳು. ಬೀದಿಯ ಹೂವಿನವಳ ಹತ್ತಿರ ಅವಳ ವ್ಯವಹಾರವೆಲ್ಲ ಮೊಳದಲ್ಲೇ. ಭಾಷೆಯ ಪಟ್ಟಿಯಲ್ಲಿ ತಮಿಳಿತ್ತು, ಕನ್ನಡ ಸಿಗಲಿಲ್ಲ. “ಇರಲಿ ಬಿಡು, ಅದರ ಜೊತೆ ನಾನೇನು ಮಾತಾಡಬೇಕಾಗಿಲ್ಲ” ಎಂದಳು.

ಹೊಸ ಹಾಳೆ ಪ್ರಿಂಟರಿನಿಂದ ತೆವಳಿಕೊಂಡು ಬಂತು. ಏಕಾದಶಿ ಇವತ್ತಿನ ತಾರೀಖಿನ ಎದುರು ತೆಪ್ಪಗೆ ಕೂತಿತ್ತು. ನಾನು ಓದಿ ಹೇಳಿದೆ. ಅಜ್ಜಿ ದೇವರ ಕೋಣೆಯ ಕಡೆಗೆ ಕೈ ಮುಗಿದಳು. “ಸದ್ಯ! ಬಾಯಿಗೆ ಹೋಗಿರಲಿಲ್ಲ.” ನನ್ನ ಎದೆಯ ಮೇಲಿಂದ ರುಬ್ಬುಗುಂಡು ಇಳಿದಂತಾಯಿತು.

ಎರಡನೆಯ ದಿನವೂ ಉಪವಾಸವೇ ಎಂದು ಅಮ್ಮ ಹೆದರಿದಳು. “ಎರಡು ದಿನದ ಉಪವಾಸ ನನಗೆ ಹೊಸದೇನೇ? ನಿನ್ನೇದು ಅಭ್ಯಾಸ ಅಂದ್ಕೊ” ಎಂದು ನಕ್ಕಳು ಅಜ್ಜಿ. ಅಪ್ಪ ಒತ್ತಾಯ ಮಾಡಿದ ಮೇಲೆ ಒಂದು ಲೋಟ ಹಾಲು ಕುಡಿಯಲು ಒಪ್ಪಿದಳು. ನಂತರ ಅಮ್ಮನಿಗೆ ಅಪ್ಪಣೆಯಾಯಿತು: “ಇವನಿಗೂ ಏನೂ ಬಡಿಸಬೇಡ.”

ಹನ್ನೊಂದು ಗಂಟೆಯ ಹೊತ್ತಿಗೆ ಬೀದಿ ಮೂಲೆಯ ಹೋಟೆಲಿನಿಂದ ಬೋಂಡಾ ಕರಿಯುವ ವಾಸನೆ ಹತ್ತಿಕೊಂಡು ಬಂತು. ನನಗೆ ಬರುತ್ತಿದ್ದ ದನಿಗಳೆಲ್ಲ ಹೊಟ್ಟೆಯೊಳಗಿಂದಲೇ ಕೇಳಿಸತೊಡಗಿದವು. ಅಜ್ಜಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ಮೆಲ್ಲನೆ ಹತ್ತಿರ ಹೋಗಿ ಕೂತೆ.

“ಅಜ್ಜಿ, ಒಂದು ಮಾತು. ಅಮೇರಿಕದಲ್ಲಿ ಈಗ ಇನ್ನೂ ನಿನ್ನೆ. ಅಂದ್ರೆ ದಶಮಿ. ನಾನು ಮುಂದೆ ಮಾಡೋ ಕೆಲಸವೂ ಆ ಕಡೆಯ ಗಂಟೇದೇ ತಾನೆ?”

ಅಜ್ಜಿ ಕಣ್ಣು ತೆರೆಯಲಿಲ್ಲ.

“ಹಾಗಾದ್ರೆ ಅಲ್ಲಿಗೇ ಹೋಗಿ ಉಂಡ್ಕೊಂಡು ಬಾ.”