ಒಂದೇ ಮಂಚ, ಎರಡು ಪಾಳಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಗುಡುಗಮ್ಮ ಎನ್ನುತ್ತಿದ್ದರು. ಯಂತ್ರಗಳ ಗದ್ದಲವನ್ನೂ ಮೀರಿಸುವ ಗಂಟಲು. ಮೇಲ್ವಿಚಾರಕ ಊಟದ ಬಿಡುವು ಮೊಟಕು ಮಾಡಹೋದಾಗ ಹೆಂಗಸರನ್ನೆಲ್ಲ ಬಾಗಿಲಿಗೆ ಅಡ್ಡ ಕೂರಿಸಿ ಅವನ ಬೆವರಿಳಿಸಿದವಳು. ಅಂಥವಳು ನಡುವಯಸ್ಸಿನಲ್ಲಿ, ಬೇರೆ ದೇಶದಿಂದ ಬಂದ ಬೇಕರಿಯವನೊಬ್ಬನನ್ನು ಮದುವೆಯಾದಳು. ಅವನೋ, ಬಾಯಲ್ಲಿ ಕಡುಬು ಇಟ್ಟುಕೊಂಡವನಂತೆ ಸದಾ ಮೌನ.

"ಊರಲ್ಲಿ ಗಂಡಸರಿಗೆ ಬರ ಬಂದಿತ್ತೇನೇ?" ಎಂದ ಅವಳ ಅಣ್ಣ.

"ಗಂಡಸರಿಗೇನು ಬರ? ಬಾಯ್ಮುಚ್ಕೊಂಡು ಕೇಳೋ ಗಂಡಸರಿಗೆ ಬರ, ಅಣ್ಣಾ."

ಅವನಿಗೆ ರಾತ್ರಿ ಪಾಳಿ, ಅವಳಿಗೆ ಹಗಲು. ಒಂದು ಕೋಣೆ, ಒಂದು ಮಂಚ. ಅವಳು ಏಳುವ ಹೊತ್ತಿಗೆ ಅವನು ಬರುತ್ತಿದ್ದ. ಅವಳು ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ. ವಾರದ ರಜೆ ಅವಳಿಗುಂಟು, ಅವನಿಗಿಲ್ಲ. ಬಡವರ ದಾಂಪತ್ಯಕ್ಕೆ ಮಾಲೀಕರು ಕೊಡುವ ಪುರುಸೊತ್ತು ಅಷ್ಟೇ.

ಅವನ ವಾಸದ ಪರವಾನಗಿ ಮುಗಿಯುತ್ತ ಬಂತು. ಮದುವೆ ನಿಜವೆಂದು ತೋರಿಸಿದರೆ ಉಳಿಯಬಹುದು, ಇಲ್ಲವಾದರೆ ದೇಶ ಬಿಡಬೇಕು. ಪರವಾನಗಿ ಕಚೇರಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಹಾಕಿದರು.

"ನಿಮ್ಮ ಗಂಡ ಮಂಚದ ಯಾವ ಕಡೆ ಮಲಗ್ತಾರೆ?"

"ಮಧ್ಯದಲ್ಲಿ."

"ಮತ್ತೆ ನೀವು?"

"ನಾನೂ ಮಧ್ಯದಲ್ಲೇ."

ಆಚೆ ಕೋಣೆಯಲ್ಲಿ ಅವನೂ ಅದನ್ನೇ ಹೇಳಿದ್ದ. ಸತ್ಯ ಹೇಳಿದ್ದೇ ತಪ್ಪಾಯಿತು. ಇವರು ಒಟ್ಟಿಗಿಲ್ಲ, ಇದು ಪರವಾನಗಿಗಾಗಿ ಹೂಡಿದ ಮದುವೆಯ ನಾಟಕ ಎಂಬ ಗುಮಾನಿ ಹುಟ್ಟಿತು. ಮನೆ ನೋಡಲು ಒಬ್ಬ ಅಧಿಕಾರಿಯನ್ನು ಅಟ್ಟಿದರು.

ಅಧಿಕಾರಿ ಬಂದದ್ದು ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ. ಅವಳು ಜಡೆ ಸುತ್ತಿಕೊಳ್ಳುತ್ತಿದ್ದಳು. ಹುಬ್ಬಿನಲ್ಲಿ ಹಿಟ್ಟು ಮೆತ್ತಿಕೊಂಡೇ ಗಂಡ ಬಂದ. ಮೂಲೆಯಲ್ಲಿ ನಿಂತ ಸಾಹೇಬನಿಗೆ ತಲೆಬಾಗಿ, ಕೈ ತೊಳೆದು, ನೆಲಕ್ಕೆ ಕೂತು ಅವಳ ಕೈ ಎಳೆದುಕೊಂಡ. ಒಗೆಯುವ ಪುಡಿಗೆ ಒಡೆದು ಹೋದ ಬೆರಳುಗಳಿಗೆ ದಿನಾ ಹಚ್ಚುವ ಮುಲಾಮು ಹಚ್ಚತೊಡಗಿದ.

"ನಿನ್ನೆ ಅಡುಗೆ ಮುಟ್ಟೇ ಇಲ್ಲ. ವಿಷ ಹಾಕಿದ್ನಾ ನಾನು?" ಎಂದಳು.

"ಉಪ್ಪು."

"ಏನು ಉಪ್ಪು?"

"ಜಾಸ್ತಿ."

"ಆಹಾ, ಬಾಯಿ ಬಿಟ್ಟರೆ ಇದು! ಇವತ್ತು ತಿಂದೇ ಮಲಗ್ಬೇಕು."

ಸಾಹೇಬ ಗಂಡನ ಕಡೆ ತಿರುಗಿ ಕಡತ ಬಿಚ್ಚಿದ. ಅವಳು ಚೀಲ ಹೆಗಲಿಗೇರಿಸಿದಳು. "ಅವನನ್ನ ಬಿಟ್ಬಿಡಿ ಸಾಹೇಬ್ರೇ, ನಿದ್ದೆಗೆಟ್ಟು ಬಂದಿದ್ದಾನೆ. ಕೇಳೋದನ್ನ ನನ್ನ ಕೇಳಿ. ಬಸ್ಸಿಗೆ ಹೊತ್ತಾಯ್ತು, ನಡೀರಿ."

ಸಾಹೇಬ ತೆಪ್ಪಗೆ ಹಿಂದೆ ನಡೆದ. ದಾರಿಯಲ್ಲಿ ಕೇಳಿದ: "ಇಲ್ಲಿ ಉಳಿಯೋಕೆ ಅಂತ್ಲೇ ನಿಮ್ಮನ್ನ ಕಟ್ಕೊಂಡಿರಬಹುದಲ್ಲ?"

"ಬರೀ ಅದಕ್ಕೋಸ್ಕರ ಯಾರಾದ್ರೂ ನನ್ನ ಬಾಯಿ ಸಹಿಸ್ಕೊಳ್ತಾರಾ? ಅದಕ್ಕಿಂತ ಜೈಲೇ ವಾಸಿ."

ಸಾಹೇಬನಿಗೆ ನಗು ಬಂತು, ಕೆಮ್ಮಿ ನುಂಗಿದ. "ಪರವಾನಗಿ ಸಿಗಲಿಲ್ಲ ಅಂದ್ರೆ?"

ಅವಳ ದನಿ ತಗ್ಗಿತು. "ಅವನ ಹಿಂದೆ ಹೋಗ್ತೀನಿ. ಅಲ್ಲಿ ನಾನು ಹೊರಗಿನವಳು. ನಮ್ಮ ಮಂಚ ನೋಡೋಕೆ ಅಲ್ಲೊಬ್ಬ ಸಾಹೇಬ ಬರ್ತಾನೆ."

ಬಸ್ಸು ಬಂತು. ಸಾಹೇಬ ಕಡತ ಕಂಕುಳಿಗೆ ಸಿಕ್ಕಿಸಿ ದಾರಿ ಬಿಟ್ಟ.

ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ, ಅವಳ ಫೋನಿಗೆ ಕಚೇರಿಯಿಂದ ಕರೆ ಬಂತು. ಪರವಾನಗಿ ಮಂಜೂರಾಗಿದೆ, ಸದ್ಯಕ್ಕೆ ಒಂದು ವರ್ಷ. ಅವಳು ಒದ್ದೆ ಚಾದರಗಳ ರಾಶಿಯ ಮೇಲೆ ಕುಸಿದು ಕೂತಳು.

"ಏನಾಯ್ತೇ?" ಎಂದು ಜೊತೆಗಾತಿ ಓಡಿ ಬಂದಳು. ವಿಷಯ ಕೇಳಿ ಅವಳ ಬೆನ್ನಿಗೊಂದು ಗುದ್ದು ಹಾಕಿದಳು. "ಮೊದ್ಲು ಅವನಿಗೆ ಫೋನ್ ಮಾಡೇ!"

"ಶ್! ಬೇಡ. ಮಲಗಿದ್ದಾನೆ."

"ಇಂಥ ಸುದ್ದಿಗೂ ಎಬ್ಬಿಸಬಾರದಾ?"

"ಈಗ ಹೇಳಿದ್ರೆ ಮತ್ತೆ ಕಣ್ಣು ಮುಚ್ತಾನಾ? ರಾತ್ರಿ ಹಿಟ್ಟು ಕಲಸೋ ಯಂತ್ರದ ಮುಂದೆ ತೂಕಡಿಸಿದ್ರೆ ಕೈ ಹೋಗುತ್ತೆ ಕಣೇ. ಸಂಜೆ ಅವನು ಹೊರಡೋ ಹೊತ್ತಿಗೆ ಹೇಳ್ತೀನಿ. ನೀನೂ ಯಾರಿಗೂ ಬಾಯಿ ಬಿಡ್ಬೇಡ, ಅವನಿಗೇ ಮೊದಲು ಗೊತ್ತಾಗ್ಲಿ."

ಅವತ್ತು ಸಂಜೆಯವರೆಗೆ ಗುಡುಗಮ್ಮ ಒಂದು ಮಾತೂ ಆಡಲಿಲ್ಲ. ಮೇಲ್ವಿಚಾರಕ ಹೆದರಿ, ಮತ್ತೇನು ಮುಷ್ಕರವೋ ಎಂದು ಎರಡು ಸಲ ಬಂದು ಇಣುಕಿ ಹೋದ.